ಸುಮಾಗೆ: ಪಾಪುಗೆ ದಡಾರದ ಲಸಿಕೆ ಹಾಕ್ಸೋದಾ ಬೇಡ್ವಾ ಅಂತ ಕೇಳಿದ್ದಕ್ಕೆ

ಸುಮಾ, ಈಗ ನೋಡ್ದೆ ನಿನ್ನ ಮೆಸೇಜು. ಪಾರ್ಕಲ್ಲಿ ಸಿಗೋ ಆಯಮ್ಮ ಎಂಎಂಆರ್, ಅದೇ ದಡಾರದ ಲಸಿಕೆ, ಚುಚ್ಚಿಸಿದ್ರೆ ಆಟಿಸಂ ಬರುತ್ತೆ ಅಂದ್ಳು, ಮೂರು ವರ್ಷ ಆಗೋವರ್ಗೂ ತಡೆಯೋದಾ ದೊಡ್ಡಮ್ಮ ಅಂತ ಕೇಳಿದ್ಯಲ್ಲ, ತಡೀಬೇಡ. ಡಾಕ್ಟರನ್ನ ಬಿಟ್ಟು ಫೋನಲ್ಲಿ ಬಂದಿದ್ದನ್ನ ನಂಬಬೇಡ ಕಣೆ.

ನಮ್ಮ ಓಹಾಯೋ ಮನೆ ಪಕ್ಕದೋರು ಗೊತ್ತಲ್ಲ, ನಿಮ್ಮಮ್ಮ ಬಂದಾಗ ಬುಟ್ಟಿ ತುಂಬಾ ಟೊಮೆಟೊ ತಂದುಕೊಟ್ರಲ್ಲ ಅವ್ರು. ಸ್ನೋ ಬಿದ್ರೆ ನಿಮ್ಮ ದೊಡ್ಡಪ್ಪಂಗೆ ಸೊಂಟನೋವು ಅಂತ ನಮ್ಮ ಡ್ರೈವ್‌ವೇನೂ ಅವ್ರೇ ಬಳೀತಿದ್ರು. ದಡ್ಡರಲ್ಲ, ಟ್ರಾಕ್ಟರ್ ಇಂಜಿನ್ ಬಿಚ್ಚಿ ಜೋಡಿಸೋ ಮನುಷ್ಯ. 2021ರಲ್ಲಿ ಫಾರ್ಮಸೀಲಿ ಕೋವಿಡ್ ಲಸಿಕೆ ಫ್ರೀಯಾಗಿ ಹಾಕ್ತಿದ್ರೂ ಹೋಗ್ಲಿಲ್ಲ, ಸರ್ಕಾರ ಸುಳ್ಳು ಹೇಳುತ್ತೆ, ಔಷಧಿ ಕಂಪನಿಯೋರಿಗೆ ದುಡ್ಡೇ ಮುಖ್ಯ ಅನ್ನೋರು. ಅವ್ರ ತಮ್ಮ ಡಾಕ್ಟ್ರು ಬರ್ಕೊಟ್ಟ ನೋವಿನ ಮಾತ್ರೆ ಚಟಕ್ಕೆ ಬಿದ್ದೇ ಸತ್ತಿದ್ದು, ಓಹಾಯೋದಲ್ಲಿ ಹಂಗೆ ಎಷ್ಟು ಮನೆ ಹಾಳಾಯ್ತು, ಆ ಕೋಪ ನಂಗೆ ಅರ್ಥ ಆಗುತ್ತೆ. ಆದ್ರೆ ಆ ಕೋಪದಲ್ಲಿ ಕೋವಿಡ್‌ಗೆ ಅಂತ ನಂಬಿದ್ದೇನನ್ನ? ಐವರ್‌ಮೆಕ್ಟಿನ್, ಕುದುರೆ ಜಂತುಹುಳಕ್ಕೆ ಕೊಡೋ ಪೇಸ್ಟು. ಅವ್ರ ಅಡಿಗೆಕಟ್ಟೆ ಮೇಲೇ ಇತ್ತು, ಸಿರಿಂಜ್ ಥರದ ಟ್ಯೂಬು, ಕುದುರೆ ತೂಕಕ್ಕೆ ಎಷ್ಟು ಅಂತ ಗೆರೆ ಹಾಕಿರುತ್ತೆ. ಸೆಪ್ಟೆಂಬರಲ್ಲಿ ಉಸಿರು ಸಾಲ್ದೆ ಆಸ್ಪತ್ರೆಗೆ ಹೋದೋರು ವಾಪಸ್ ಬರ್ಲಿಲ್ಲ. ಆಮೇಲೆ ಅವ್ರ ಹೆಂಡ್ತಿ ಲಸಿಕೆ ಹಾಕಿಸ್ಕೊಂಡ್ರು, ಪಕ್ಕದೂರಿಗೆ ಹೋಗಿ, ಗೊತ್ತಾದ್ರೆ ಚರ್ಚಲ್ಲಿ ಯಾರೂ ಮಾತಾಡ್ಸಲ್ಲ ಅನ್ನೋ ಭಯಕ್ಕೆ.

ಅದಕ್ಕೇ ಇನ್ನೊಂದ್ಸಲ ಹೇಳ್ತೀನಿ, ಫೋನಲ್ಲಿ ಬಂದಿದ್ದನ್ನ ನಂಬಬೇಡ. ಆ ಆಟಿಸಂ ಕಥೆ 1998ರಲ್ಲಿ ಲಂಡನ್ನಿನ ವೇಕ್‌ಫೀಲ್ಡ್ ಅನ್ನೋ ಡಾಕ್ಟ್ರು ಬರೀ 12 ಮಕ್ಕಳನ್ನ ಇಟ್ಕೊಂಡು ಬರೆದಿದ್ದು. 2010ರಲ್ಲಿ ಅದನ್ನ ಅಚ್ಚು ಹಾಕಿದ್ದ ವೈದ್ಯಕೀಯ ಪತ್ರಿಕೆಯೋರೇ ವಾಪಸ್ ತಗೊಂಡ್ರು, ಅವ್ನ ಲೈಸೆನ್ಸೂ ಹೋಯ್ತು. ಡೆನ್ಮಾರ್ಕಲ್ಲಿ ಆರು ಲಕ್ಷಕ್ಕೂ ಹೆಚ್ಚು ಮಕ್ಕಳನ್ನ ನೋಡಿದ್ರು, ಸಂಬಂಧವೇ ಇಲ್ಲ. 2000ದಲ್ಲಿ ಅಮೆರಿಕದಿಂದ ದಡಾರ ಹೋಯ್ತು ಅಂದಿದ್ರು, 2025ರಲ್ಲಿ ನಿಮ್ಮ ಟೆಕ್ಸಾಸಲ್ಲೇ 700ಕ್ಕೂ ಹೆಚ್ಚು ಜನಕ್ಕೆ ಬಂತು, ಲಸಿಕೆ ಹಾಕಿಸದ ಎರಡು ಮಕ್ಕಳು ಹೋದ್ವು, ಚೆನ್ನಾಗಿ ಆಡ್ಕೊಂಡಿದ್ದ ಮಕ್ಕಳು.

ನಾನು ಹೇಳಿದ್ರೆ ಈ ಗ್ರೂಪಲ್ಲಿ ಯಾರು ಕೇಳ್ತೀರ. 2020ರಲ್ಲಿ ಗೃಹಪ್ರವೇಶ ಮುಂದಕ್ಕೆ ಹಾಕಿ ಅಂದಿದ್ದಕ್ಕೆ ಅಮೆರಿಕದಲ್ಲಿ ಕೂತು ಅಪಶಕುನ ನುಡೀತಾಳೆ ಅಂತ ಮಾತೇ ಬಿಟ್ರಿ. ದೊಡ್ಡಪ್ಪಂಗೆ ಸೊಂಟದ ಆಪರೇಷನ್ ಆದಾಗ ಒಬ್ರೂ ಫೋನ್ ಮಾಡ್ಲಿಲ್ಲ, ಬಿಸಿನೀರು ನಿಂಬೆಹಣ್ಣಿನ ಫಾರ್ವರ್ಡು ಮಾತ್ರ ದಿನಾ ತಪ್ಪದೆ ಬರುತ್ತೆ. ಇರ್ಲಿ, ನಂಗೆ ಬೇಜಾರಾಗಿದ್ದು ನಿಜ, ಹೇಳ್ದೆ.

ಅಯ್ಯೋ, ಮುಖ್ಯವಾದ್ದೇ ಬಿಟ್ಟೆ. ಮುಂದಿನ ತಿಂಗಳು ಮೈಸೂರಿಗೆ ಹೊರಟಿದೀರಲ್ಲ, ಪಾಪುಗೆ ಒಂಬತ್ತು ತಿಂಗಳು ಅಲ್ವಾ. ಇಲ್ಲಿ ಮೊದಲ್ನೇ ಡೋಸು 12ರಿಂದ 15 ತಿಂಗಳಿಗೆ, ಆದ್ರೆ ಬೇರೆ ದೇಶಕ್ಕೆ ಹೋಗೋ ಮಗುಗೆ 6ರಿಂದ 11 ತಿಂಗಳೊಳಗೇ ಒಂದು ಹಾಕ್ತಾರೆ. ಅದು ಲೆಕ್ಕಕ್ಕೆ ಬರಲ್ಲ, ವರ್ಷ ತುಂಬಿದ್ಮೇಲೆ ಮಾಮೂಲಿ ಎರಡು ಹಾಕಿಸ್ಲೇಬೇಕು. ಫ್ಲೈಟ್ ಹತ್ತೋಕೆ ಎರಡು ವಾರ ಮುಂಚೆ ಆಗ್ಬೇಕು, ನಾಳೆ ಬೆಳಿಗ್ಗೆನೇ ಕ್ಲಿನಿಕ್ಕಿಗೆ ಫೋನ್ ಮಾಡಿ ಇಂಡಿಯಾಗೆ ಹೋಗ್ತಿದೀವಿ ಅಂತ ಮೊದಲೇ ಹೇಳು. ಡೇಟ್ ಸಿಕ್ಕಿದ್ರೆ ಈ ಗ್ರೂಪಲ್ಲೇ ಮೆಸೇಜ್ ಹಾಕು.