ಅಪರಾಧ ನ್ಯಾಯ ಕ್ಷೇತ್ರದವರ ನಿರಂತರ ಶಿಕ್ಷಣ: ತರಗತಿಯಲ್ಲಿ ಕಲಿತದ್ದು ಕೆಲಸದಲ್ಲಿ ಉಳಿಯುವಂತೆ ಮಾಡುವುದು ಹೇಗೆ?

ಪ್ರಶ್ನೆ – ತರಬೇತಿ ನಿರ್ದೇಶಕಿ

ಎಲ್ಲರಿಗೂ ನಮಸ್ಕಾರ. ಪೊಲೀಸ್ ತನಿಖಾಧಿಕಾರಿಗಳು, ಅಭಿಯೋಜಕರು (ಸರ್ಕಾರದ ಪರ ವಾದಿಸುವ ವಕೀಲರು), ಕಾರಾಗೃಹ ಸಿಬ್ಬಂದಿ ಮತ್ತು ಪ್ರೊಬೇಷನ್ (ಅಪರಾಧಿಯನ್ನು ಜೈಲಿಗೆ ಕಳುಹಿಸದೆ ಮೇಲ್ವಿಚಾರಣೆಯಲ್ಲಿಡುವ ವ್ಯವಸ್ಥೆ) ಅಧಿಕಾರಿಗಳಿಗೆ ಸೇವಾವಧಿಯಲ್ಲಿ ನಡೆಸುವ ನಿರಂತರ ಶಿಕ್ಷಣ ಕಾರ್ಯಕ್ರಮಗಳ ನಿರ್ದೇಶನದ ಹೊಣೆ ಇತ್ತೀಚೆಗೆ ನನಗೆ ಬಂದಿದೆ. ವಾರ್ಷಿಕ ಯೋಜನೆಯಲ್ಲಿ ಕಾರ್ಯಾಗಾರಗಳಿಗೆ ಕೊರತೆಯಿಲ್ಲ, ಸಂಪನ್ಮೂಲ ವ್ಯಕ್ತಿಗಳೂ ಒಳ್ಳೆಯವರೇ. ಕೊನೆಯ ದಿನ ತುಂಬಿಸಿಕೊಳ್ಳುವ ಅಭಿಪ್ರಾಯ ಪತ್ರಗಳಲ್ಲಿ ಬಹುತೇಕ ಎಲ್ಲರೂ ‘ಅತ್ಯುತ್ತಮ’ ಎಂದೇ ಗುರುತು ಹಾಕಿರುತ್ತಾರೆ. ಆದರೆ ಕೆಲವು ತಿಂಗಳ ನಂತರ ಅದೇ ಅಧಿಕಾರಿಗಳು ದಾಖಲಿಸಿದ ಹೇಳಿಕೆಗಳನ್ನೂ ಬರೆದ ವರದಿಗಳನ್ನೂ ತೆರೆದು ನೋಡಿದರೆ, ಕಲಿಸಿದ್ದರ ಗುರುತು ಅಲ್ಲಿ ಕಾಣುವುದು ಅಪರೂಪ. ಮೇಲಿನವರು ಕೇಳುವುದು ಎಷ್ಟು ಮಂದಿ ಬಂದರು, ಎಷ್ಟು ಗಂಟೆ ಪಾಠ ನಡೆಯಿತು ಎಂಬ ಲೆಕ್ಕವನ್ನು ಮಾತ್ರ.

ಕಾರ್ಯಕ್ರಮದಿಂದ ನಿಜವಾಗಿ ಪ್ರಯೋಜನವಾಯಿತೇ ಎಂಬುದನ್ನು ಅಳೆಯಲು ನಂಬಿಕೆಗೆ ಅರ್ಹವಾದ, ಆದರೆ ಸಣ್ಣ ಸಂಸ್ಥೆಯೊಂದು ನಡೆಸಬಲ್ಲ ಕ್ರಮ ಯಾವುದು? ಈ ನಾಲ್ಕೂ ವರ್ಗದವರನ್ನು ಒಂದೇ ತರಗತಿಯಲ್ಲಿ ಕೂರಿಸುವುದು ಸರಿಯೇ, ಅಥವಾ ಪ್ರತ್ಯೇಕವಾಗಿ ಕಲಿಸಬೇಕೇ? ಈ ಕೆಲಸದಲ್ಲಿ ನುರಿತವರು ದಯವಿಟ್ಟು ತಿಳಿಸಬೇಕು.

ಉತ್ತರ 1 – ಪ್ರೊಬೇಷನ್ ವಿಭಾಗದ ತರಬೇತುದಾರ

ಮೇಡಂ, ಅಭಿಪ್ರಾಯ ಪತ್ರದ ‘ಅತ್ಯುತ್ತಮ’ ಎಂಬ ಗುರುತು ಶಿಬಿರ ಹಿತವಾಗಿತ್ತು ಎಂದು ಹೇಳುತ್ತದೆಯೇ ಹೊರತು ಕೆಲಸ ಬದಲಾಯಿತು ಎಂದು ಹೇಳುವುದಿಲ್ಲ. ಅಮೆರಿಕದ ವಿದ್ವಾಂಸ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಷ್ಟು ಹಿಂದೆಯೇ ತರಬೇತಿಯ ಮೌಲ್ಯಮಾಪನವನ್ನು ಪ್ರತಿಕ್ರಿಯೆ, ಕಲಿಕೆ, ವರ್ತನೆ, ಫಲಿತಾಂಶ ಎಂಬ ನಾಲ್ಕು ಹಂತಗಳಲ್ಲಿ ನೋಡಬೇಕೆಂದು ಬರೆದಿದ್ದರು. ನೀವು ವಿವರಿಸಿರುವ ಕ್ರಮ ಮೊದಲನೆಯ ಹಂತವನ್ನು ದಾಟಿಲ್ಲ. ನಿಮ್ಮ ಪ್ರಶ್ನೆಗೆ ಬೇಕಾಗಿರುವುದು ಮೂರನೆಯದು.

ನಮ್ಮ ಕ್ಷೇತ್ರದಲ್ಲಿ ಇದಕ್ಕೆ ಒಳ್ಳೆಯ ಪುರಾವೆಯಿದೆ. ಎದುರಿಗಿರುವವರೊಳಗೇ ಬದಲಾವಣೆಯ ಇಚ್ಛೆ ಮೂಡುವಂತೆ ಮಾತನಾಡಿಸುವ ಪ್ರೇರಣಾತ್ಮಕ ಸಂದರ್ಶನ ವಿಧಾನವನ್ನು ಪ್ರೊಬೇಷನ್ ಅಧಿಕಾರಿಗಳಿಗೂ ಆಪ್ತಸಮಾಲೋಚಕರಿಗೂ ಒಂದು ಕಾರ್ಯಾಗಾರದಲ್ಲಿ ಕಲಿಸಿ, ಅದರ ಹಿಂದುಮುಂದಿನ ಅವರ ಸಂಭಾಷಣೆಗಳ ಧ್ವನಿಮುದ್ರಣವನ್ನು ಕೇಳಿ ನೋಡಿದ ಸಣ್ಣ ಅಧ್ಯಯನವೊಂದನ್ನು ವಿಲಿಯಂ ಮಿಲ್ಲರ್ ಮತ್ತು ಅವರ ಸಹೋದ್ಯೋಗಿ 2001ರಲ್ಲಿ ಪ್ರಕಟಿಸಿದರು. ತಮ್ಮ ಕೌಶಲ ಬಹಳ ಸುಧಾರಿಸಿದೆಯೆಂದು ಕಲಿತವರು ನಂಬಿದ್ದರು. ಧ್ವನಿಮುದ್ರಣದಲ್ಲಿ ಕಂಡ ಬದಲಾವಣೆ ಅಲ್ಪವಾಗಿತ್ತು, ಅವರ ಎದುರು ಕುಳಿತವರು ಪ್ರತಿಕ್ರಿಯಿಸುವ ರೀತಿಯಲ್ಲಂತೂ ವ್ಯತ್ಯಾಸವೇ ಆಗಿರಲಿಲ್ಲ. ನನಗೆ ಹೆಚ್ಚು ಕಳವಳ ತರುವುದು ಆ ನಂಬಿಕೆ, ಏಕೆಂದರೆ ತನಗೆ ಬಂದಿದೆ ಎಂದುಕೊಂಡ ಅಧಿಕಾರಿ ಮತ್ತೆ ಕಲಿಯಲು ಬರುವುದಿಲ್ಲ.

ಇದಕ್ಕೆ ಹೋಲಿಸಿ ನೋಡಬೇಕಾದದ್ದು ಕೆನಡಾದಲ್ಲಿ ಜೇಮ್ಸ್ ಬಾಂಟಾ ಮತ್ತು ಸಂಗಡಿಗರು ನಡೆಸಿ 2011ರಲ್ಲಿ ಪ್ರಕಟಿಸಿದ ಪ್ರಯೋಗ. ಪ್ರೊಬೇಷನ್ ಅಧಿಕಾರಿಗಳನ್ನು ಯಾದೃಚ್ಛಿಕವಾಗಿ ಎರಡು ಗುಂಪುಗಳಾಗಿ ವಿಂಗಡಿಸಿ, ಒಂದು ಗುಂಪಿಗೆ ತರಬೇತಿ ಕೊಟ್ಟು, ಅಲ್ಲಿಗೆ ನಿಲ್ಲಿಸದೆ ತಿಂಗಳಿಗೊಮ್ಮೆ ಸಭೆ, ಧ್ವನಿಮುದ್ರಣಗಳ ಮೇಲೆ ಹಿಮ್ಮಾಹಿತಿ ಮತ್ತು ಪುನಶ್ಚೇತನ ತರಗತಿಗಳನ್ನು ಮುಂದುವರಿಸಿದರು. ಆ ಅಧಿಕಾರಿಗಳ ಮಾತುಕತೆಯ ರೀತಿ ಬದಲಾಯಿತು. ಅವರ ಮೇಲ್ವಿಚಾರಣೆಯಲ್ಲಿದ್ದವರು ಮತ್ತೆ ಅಪರಾಧ ಎಸಗಿದ ಪ್ರಮಾಣವೂ ಇನ್ನೊಂದು ಗುಂಪಿಗಿಂತ ಕಡಿಮೆಯಿತ್ತು.

ಆದ್ದರಿಂದ ನನ್ನ ಸಲಹೆ ಮುಖ್ಯವಾಗಿ ಹಣಕ್ಕೆ ಸಂಬಂಧಿಸಿದ್ದು. ಐದು ದಿನದ ಶಿಬಿರಕ್ಕೆ ಅನುದಾನವಿದ್ದರೆ ತರಗತಿಯನ್ನು ಮೂರು ದಿನಕ್ಕೆ ಇಳಿಸಿ, ಉಳಿದ ಎರಡು ದಿನದ ಮೊತ್ತವನ್ನು ಮುಂದಿನ ಆರು ತಿಂಗಳಲ್ಲಿ ಅವರ ಕೆಲಸದ ಮಾದರಿಗಳನ್ನು ಕೇಳಲು, ಓದಲು, ಅದರ ಬಗ್ಗೆ ಅವರೊಂದಿಗೆ ಕುಳಿತು ಮಾತನಾಡಲು ಮೀಸಲಿಡಿ. ಅಳತೆಯೂ ಅದರಲ್ಲೇ ಆಗುತ್ತದೆ, ಬೇರೆ ಸಮೀಕ್ಷೆಯ ಅಗತ್ಯ ಬೀಳುವುದಿಲ್ಲ. ತರಬೇತಿಗೆ ಮೊದಲಿನ ಒಂದೆರಡು ಮಾದರಿಗಳನ್ನು ಪಡೆದಿಟ್ಟುಕೊಳ್ಳಲು ಮರೆಯಬೇಡಿ. ಅವಿಲ್ಲದೆ ನಂತರದವನ್ನು ಯಾವುದಕ್ಕೂ ಹೋಲಿಸಲಾಗುವುದಿಲ್ಲ.

ಉತ್ತರ 2 – ತನಿಖಾ ಸಂದರ್ಶನ ಕಲಿಸುವವರು

ಮೊದಲ ಉತ್ತರ ಬರೆದವರ ಮಾತನ್ನು ಒಪ್ಪುತ್ತೇನೆ, ಆದರೆ ಹಿಮ್ಮಾಹಿತಿ ಯಾರು ಕೊಡಬೇಕೆಂಬುದು ಅದರಷ್ಟೇ ಮುಖ್ಯವಾದ ವಿಷಯ. ಬಾಂಬ್ ಸ್ಫೋಟಗಳ ಆರೋಪದಲ್ಲಿ, ಪೊಲೀಸರು ಪಡೆದ ತಪ್ಪೊಪ್ಪಿಗೆಗಳ ಮೇಲೆ ತಪ್ಪಾಗಿ ಶಿಕ್ಷೆಯಾಗಿದ್ದ ಗಿಲ್ಡ್‌ಫರ್ಡ್ ಪ್ರಕರಣದ ನಾಲ್ವರ ಶಿಕ್ಷೆ 1989ರಲ್ಲಿ, ಬರ್ಮಿಂಗ್‌ಹ್ಯಾಮ್ ಪ್ರಕರಣದ ಆರು ಮಂದಿಯ ಶಿಕ್ಷೆ 1991ರಲ್ಲಿ ರದ್ದಾದ ಮೇಲೆ, ಇಂಗ್ಲೆಂಡ್ ಮತ್ತು ವೇಲ್ಸ್‌ನ ಪೊಲೀಸರು ತಪ್ಪೊಪ್ಪಿಗೆಯನ್ನು ಹೊರಡಿಸಲು ಪ್ರಶ್ನಿಸುವ ಕ್ರಮವನ್ನು ಬಿಟ್ಟು, ಪೂರ್ವಸಿದ್ಧತೆ, ಪರಿಚಯ ಮತ್ತು ವಿವರಣೆ, ನಿರೂಪಣೆ, ಮುಕ್ತಾಯ, ಮೌಲ್ಯಮಾಪನ ಎಂಬ ಐದು ಹೆಜ್ಜೆಗಳ ‘ಪೀಸ್’ ಮಾದರಿಯನ್ನು ಅಳವಡಿಸಿಕೊಂಡರು. ಒಂದು ವಾರದ ಆ ತರಬೇತಿಯನ್ನು ಬಹಳ ದೊಡ್ಡ ಪ್ರಮಾಣದಲ್ಲಿ ನೀಡಲಾಯಿತು. ಆದರೂ 2001ರಲ್ಲಿ ಹೊರಬಂದ ರಾಷ್ಟ್ರೀಯ ಮೌಲ್ಯಮಾಪನದಲ್ಲಿ, ಕಲಿತದ್ದು ಸಂದರ್ಶನ ಕೊಠಡಿಯವರೆಗೆ ಸಾಕಷ್ಟು ತಲುಪಿಲ್ಲವೆಂದೂ ಕೆಲಸದ ಸ್ಥಳದಲ್ಲಿ ಸಂದರ್ಶನಗಳ ಮೇಲ್ವಿಚಾರಣೆ ದುರ್ಬಲವಾಗಿದೆಯೆಂದೂ ಕಂಡುಬಂತು.

ಶಿಬಿರದಿಂದ ಮರಳಿದ ಕಿರಿಯ ಅಧಿಕಾರಿಗೆ ಠಾಣೆಯ ಹಿರಿಯರು ‘ಅದನ್ನೆಲ್ಲ ಅಲ್ಲೇ ಬಿಡಿ, ಇಲ್ಲಿ ಕೆಲಸ ಬೇರೆ’ ಎಂದರೆ ಮುಗಿಯಿತು. ಆ ಒಂದು ವಾಕ್ಯದ ಎದುರು ಯಾವ ಪಠ್ಯಕ್ರಮವೂ ನಿಲ್ಲುವುದಿಲ್ಲ. ಅದಕ್ಕಾಗಿ ಯಾವ ಹೊಸ ವಿಷಯವನ್ನಾದರೂ ಮೊದಲು ಮೇಲ್ವಿಚಾರಕರಿಗೆ ಕಲಿಸಬೇಕು, ಅದೂ ಕಿರಿಯರಿಗೆ ಕಲಿಸುವ ಪಾಠದ ಸಂಕ್ಷೇಪವನ್ನಲ್ಲ, ಒಂದು ಧ್ವನಿಮುದ್ರಣವನ್ನು ಕೇಳಿ ಮುಕ್ತ ಪ್ರಶ್ನೆಗಳೆಷ್ಟು, ಉತ್ತರವನ್ನು ಬಾಯಿಗೆ ಹಾಕುವ ಪ್ರಶ್ನೆಗಳೆಷ್ಟು, ಎಲ್ಲಿ ಮಾತನ್ನು ಅನವಶ್ಯಕವಾಗಿ ತಡೆಯಲಾಯಿತು ಎಂದು ಗುರುತಿಸುವ ಕೌಶಲವನ್ನು. ಪರಿಣಾಮಕಾರಿ ಸಂದರ್ಶನದ ಬಗೆಗಿನ 2021ರ ಅಂತರರಾಷ್ಟ್ರೀಯ ದಾಖಲೆಯಾದ ಮೆಂಡೆಜ್ ತತ್ತ್ವಗಳಲ್ಲಿ ತರಬೇತಿಗೇ ಒಂದು ಪ್ರತ್ಯೇಕ ತತ್ತ್ವವನ್ನು ಮೀಸಲಿಟ್ಟಿದ್ದಾರೆ. ನಿಮ್ಮ ಮೇಲಿನವರನ್ನು ಒಪ್ಪಿಸಲು ಆ ದಾಖಲೆ ಉಪಯೋಗಕ್ಕೆ ಬರಬಹುದು.

ಉತ್ತರ 3 – ಕಾರಾಗೃಹ ಸಿಬ್ಬಂದಿ ತರಬೇತಿ

ಕಾರಾಗೃಹದ ಮಟ್ಟಿಗೆ ಮೊದಲ ಅಡ್ಡಿ ಪಾಳಿ ವ್ಯವಸ್ಥೆ. ಹತ್ತು ಮಂದಿಯನ್ನು ಮೂರು ದಿನ ಹೊರಗೆ ಕಳುಹಿಸಿದರೆ ಉಳಿದವರು ಎರಡು ಪಾಳಿ ದುಡಿಯಬೇಕು, ಹೀಗಾಗಿ ಯಾರನ್ನು ಬಿಟ್ಟುಕೊಟ್ಟರೂ ನಡೆಯುತ್ತದೋ ಅವರೇ ಪ್ರತಿ ಬಾರಿ ಶಿಬಿರಕ್ಕೆ ಬರುತ್ತಾರೆ. ಬಂದವರ ಪಟ್ಟಿಯ ಜೊತೆಗೆ ಒಮ್ಮೆಯೂ ಬಾರದವರ ಪಟ್ಟಿಯನ್ನೂ ಇಡಿ. ವಿಶ್ವಸಂಸ್ಥೆಯ ಮಹಾಸಭೆ 2015ರಲ್ಲಿ ಅಂಗೀಕರಿಸಿದ, ಕೈದಿಗಳನ್ನು ನಡೆಸಿಕೊಳ್ಳುವ ಬಗೆಗಿನ ನೆಲ್ಸನ್ ಮಂಡೇಲಾ ನಿಯಮಗಳಲ್ಲಿ 75ನೆಯದು ಸೇವಾನಿರತ ತರಬೇತಿಯನ್ನು ನಿರಂತರವಾಗಿ ಒದಗಿಸುವ ಹೊಣೆಯನ್ನು ಕಾರಾಗೃಹ ಆಡಳಿತದ ಮೇಲೆಯೇ ಹೊರಿಸುತ್ತದೆ. ಆತ್ಮಹತ್ಯೆಯ ಸೂಚನೆಗಳನ್ನು ಗುರುತಿಸುವುದು, ಪ್ರಥಮ ಚಿಕಿತ್ಸೆ, ಬಲಪ್ರಯೋಗವಿಲ್ಲದೆ ಉದ್ವೇಗ ತಗ್ಗಿಸುವುದು, ಇಂಥವನ್ನು ಪಾಳಿ ಬದಲಾಗುವ ಹೊತ್ತಿನಲ್ಲಿ ಅರ್ಧ ಗಂಟೆಯ ಅಭ್ಯಾಸವಾಗಿ ಪದೇ ಪದೇ ಮಾಡಿಸುವುದು ವರ್ಷಕ್ಕೊಂದು ದೊಡ್ಡ ಶಿಬಿರಕ್ಕಿಂತ ಮೇಲು.

ಮರುಪ್ರಶ್ನೆ – ತರಬೇತಿ ನಿರ್ದೇಶಕಿ

ಮೂವರಿಗೂ ಧನ್ಯವಾದಗಳು. ಧ್ವನಿಮುದ್ರಣಗಳನ್ನು ಕೇಳುವ ಆಲೋಚನೆ ನನಗೆ ಒಪ್ಪಿಗೆಯಾಗಿದೆ, ಆದರೆ ಅದು ನಾಳೆ ತಮ್ಮ ಮೇಲಿನ ಶಿಸ್ತುಕ್ರಮಕ್ಕೆ ದಾಖಲೆಯಾಗುತ್ತದೆಂಬ ಭಯ ಅಧಿಕಾರಿಗಳಲ್ಲಿದೆ. ಇದನ್ನು ಹೇಗೆ ನಿಭಾಯಿಸುವುದು?

ಉತ್ತರ 4 – ತನಿಖಾ ಸಂದರ್ಶನ ಕಲಿಸುವವರು

ಭಯ ಆಧಾರವಿಲ್ಲದ್ದೇನಲ್ಲ. ಹಿಮ್ಮಾಹಿತಿಯ ಟಿಪ್ಪಣಿ ಬಡ್ತಿಯ ಕಡತಕ್ಕೆ ಹೋಗುವುದಿಲ್ಲ, ಮೇಲಿನವರಿಗೆ ಹೋಗುವುದು ಗುಂಪಿನ ಒಟ್ಟಾರೆ ಚಿತ್ರಣ ಮಾತ್ರ ಎಂಬ ಲಿಖಿತ ಆದೇಶವನ್ನು ಕಾರ್ಯಕ್ರಮ ಆರಂಭವಾಗುವ ಮೊದಲೇ ಪಡೆದುಕೊಳ್ಳಿ. ಹಾಗೆಂದು ಪೂರ್ಣ ಗೋಪ್ಯತೆಯ ಭರವಸೆಯನ್ನು ಯಾರಿಗೂ ಕೊಡಬೇಡಿ. ಸಂದರ್ಶನದ ಧ್ವನಿಮುದ್ರಣ ಮೊದಲಿಗೆ ಪ್ರಕರಣದ ದಾಖಲೆ. ಅದರಲ್ಲಿ ಬೆದರಿಕೆಯೋ ಹಿಂಸೆಯೋ ಕೇಳಿಬಂದರೆ ಅದನ್ನು ವರದಿ ಮಾಡುವುದು ನಿಮ್ಮ ಕರ್ತವ್ಯ. ಈ ಗೆರೆ ಎಲ್ಲಿದೆಯೆಂದು ಮೊದಲ ದಿನವೇ ಹೇಳಿಬಿಟ್ಟರೆ ಪ್ರಾಮಾಣಿಕರು ನಿರಾಳವಾಗುತ್ತಾರೆ. ವಿಚಾರಣೆ ಬಾಕಿಯಿರುವ ಪ್ರಕರಣಗಳ ಧ್ವನಿಮುದ್ರಣವನ್ನು ತರಗತಿಯಲ್ಲಿ ಎಲ್ಲರ ಮುಂದೆ ಕೇಳಿಸಲೇಬಾರದು.

ಉತ್ತರ 5 – ನಿವೃತ್ತ ನ್ಯಾಯಾಧೀಶರು, ನ್ಯಾಯಿಕ ಶಿಕ್ಷಣ

ಒಂದೇ ತರಗತಿಯೇ, ಬೇರೆ ಬೇರೆಯೇ ಎಂಬ ನಿಮ್ಮ ಎರಡನೆಯ ಪ್ರಶ್ನೆಯನ್ನು ಯಾರೂ ಮುಟ್ಟಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಆಯಾ ವೃತ್ತಿಯ ಕೌಶಲಗಳನ್ನು ಪ್ರತ್ಯೇಕವಾಗಿಯೇ ಕಲಿಸಬೇಕು. ಆದರೆ ಒಂದು ವೃತ್ತಿಯವರ ಕೆಲಸ ಇನ್ನೊಂದು ವೃತ್ತಿಯವರ ಕೈಸೇರುವ ಜಾಗಗಳನ್ನು ಒಟ್ಟಿಗೆ ಕೂರಿಸಿಯೇ ಕಲಿಸಬೇಕು. ಅಂತಿಮ ತೀರ್ಪಾಗಿ ಮುಗಿದ ಪ್ರಕರಣದ ಕಡತವೊಂದನ್ನು ಹೆಸರುಗಳನ್ನು ಅಳಿಸಿ ಎಲ್ಲರ ಮುಂದಿಡಿ. ಅಭಿಯೋಜಕರು ಹೇಳಿಕೆಯಲ್ಲಿ ತಮಗೆ ಬೇಕಾಗಿದ್ದು ಏನು ಸಿಗಲಿಲ್ಲವೆಂದು ತನಿಖಾಧಿಕಾರಿಗೆ ಎದುರೆದುರೇ ಹೇಳಲಿ. ಪ್ರೊಬೇಷನ್ ಅಧಿಕಾರಿಯ ವರದಿಯಲ್ಲಿದ್ದ ಯಾವ ಮಾಹಿತಿ ಕಾರಾಗೃಹಕ್ಕೆ ತಲುಪಲೇ ಇಲ್ಲವೆಂಬುದು ಆ ಮೇಜಿನ ಮೇಲೆಯೇ ಗೊತ್ತಾಗಲಿ. ಟೋಕಿಯೊದಲ್ಲಿ 1962ರಲ್ಲಿ ಆರಂಭವಾದ, ಏಷ್ಯಾ ಮತ್ತು ದೂರಪ್ರಾಚ್ಯಕ್ಕಾಗಿನ ವಿಶ್ವಸಂಸ್ಥೆಯ ಅಪರಾಧ ತಡೆ ಸಂಸ್ಥೆ ಪೊಲೀಸ್, ಅಭಿಯೋಜಕ, ನ್ಯಾಯಾಧೀಶ, ಕಾರಾಗೃಹಾಧಿಕಾರಿಗಳನ್ನು ಒಂದೇ ಅಂತರರಾಷ್ಟ್ರೀಯ ತರಬೇತಿಯಲ್ಲಿ ಸೇರಿಸುತ್ತ ಬಂದಿದೆ.

ಮುಂದೆ ನ್ಯಾಯಾಧೀಶರನ್ನೂ ಸೇರಿಸುವುದಾದರೆ ಒಂದು ಎಚ್ಚರಿಕೆ. ನ್ಯಾಯಿಕ ನಡತೆಯ ಬೆಂಗಳೂರು ತತ್ತ್ವಗಳು ತಮ್ಮ ಜ್ಞಾನ, ಕೌಶಲಗಳನ್ನು ಹೆಚ್ಚಿಸಿಕೊಳ್ಳಲು ತರಬೇತಿಯನ್ನು ಬಳಸಿಕೊಳ್ಳುವಂತೆ ನ್ಯಾಯಾಧೀಶರಿಗೆ ಹೇಳುತ್ತವೆ. ಅವೇ ತತ್ತ್ವಗಳು ಸ್ವಾತಂತ್ರ್ಯವನ್ನೂ ನಿಷ್ಪಕ್ಷಪಾತವನ್ನೂ ಕಾಯಬೇಕೆಂದು ಹೇಳುತ್ತವೆ. ಅಭಿಯೋಜಕರೂ ಪೊಲೀಸರೂ ಇರುವ, ಪ್ರತಿವಾದಿ ವಕೀಲರಿಲ್ಲದ ತರಗತಿಗೆ ನ್ಯಾಯಾಧೀಶರನ್ನು ಕರೆಯಬೇಡಿ. ಅವರನ್ನು ಕರೆಯುವ ದಿನ ಪ್ರತಿವಾದಿ ವಕೀಲರಿಗೂ ಆಹ್ವಾನ ಹೋಗಲಿ, ಪಠ್ಯವನ್ನು ನ್ಯಾಯಾಂಗದವರೇ ನೋಡಿ ಒಪ್ಪಿರಲಿ.