ಕಲಿಯುವವರ ವಿಮಾನಕ್ಕೆ ಯಾವ ಮೋಟರ್?

ಪ್ರಶ್ನೆ (ಪೊನ್ನಂಪೇಟೆ): ನಮಸ್ಕಾರ ಸರ್. ಮಗನೂ ನಾನೂ ಸೇರಿ ಸನ್‌ಬೋರ್ಡಿನಲ್ಲಿ ರೇಡಿಯೊ ವಿಮಾನ ಮಾಡುತ್ತಿದ್ದೇವೆ. ಇಬ್ಬರೂ ಹೊಸಬರು. ರೆಕ್ಕೆ ಈ ತುದಿಯಿಂದ ಆ ತುದಿಗೆ 1.2 ಮೀಟರ್, ಅಗಲ 20 ಸೆಂ.ಮೀ., ಬ್ಯಾಟರಿ ಸೇರಿ ತೂಕ 750 ಗ್ರಾಂ ಬರಬಹುದು. ಆನ್‌ಲೈನಿನಲ್ಲಿ ನೋಡಿದರೆ ಎ2212 ಅನ್ನುವ ಒಂದೇ ಮೋಟರು 1000 ಕೆವಿ, 1400 ಕೆವಿ, 2200 ಕೆವಿ ಅಂತ ಮೂರು ಬಗೆಯಲ್ಲಿದೆ. 2200 ತಗೊಂಡರೆ ಶಕ್ತಿ ಜಾಸ್ತಿ ಅಲ್ವಾ? ಇಲ್ಲೇ ಅಂಗಡಿಯಲ್ಲಿ 775 ಅಂತ ದಪ್ಪ 12 ವೋಲ್ಟಿನ ಮೋಟರೂ ಸಿಗುತ್ತದೆ. ಹಾರಿಸುವುದು ಕೊಯ್ಲು ಮುಗಿದ ಗದ್ದೆಯಲ್ಲಿ. ಎರಡೂ ಬದಿ ಕಾಫಿ ತೋಟ.

ಉತ್ತರ: 775 ಬೇಡ. ಅದೊಂದೇ 300 ಗ್ರಾಂ ದಾಟುತ್ತದೆ. 2212 ಸುಮಾರು 50 ಗ್ರಾಂ. ಮೂತಿಯಲ್ಲಿ ಅಷ್ಟು ಭಾರ ಇಟ್ಟರೆ ಸಮತೋಲಕ್ಕೆ ಬಾಲದಲ್ಲಿ ಸೀಸ ಕಟ್ಟಬೇಕಾಗುತ್ತದೆ, ಆಮೇಲೆ ರೆಕ್ಕೆಯೇ ಸಾಲುವುದಿಲ್ಲ. ಅದು ಬ್ರಶ್ ಇರುವ ಮೋಟರು ಬೇರೆ. ಕಾರ್ಬನ್ ಬ್ರಶ್ ಉಜ್ಜಿ ಸವೆಯುತ್ತದೆ, ಬ್ಯಾಟರಿಯ ಶಕ್ತಿಯಲ್ಲಿ ದೊಡ್ಡ ಪಾಲು ಬಿಸಿಯಾಗಿ ಹೋಗುತ್ತದೆ. ಬ್ರಶ್ ಮೋಟರಿಗೆ ಈಗಲೂ ಜಾಗ ಇರುವುದು 50–60 ಗ್ರಾಮಿನೊಳಗಿನ ಪುಟ್ಟ ಮಾದರಿಗಳಲ್ಲಿ, ಒಂದೇ ಸೆಲ್ಲಿನಲ್ಲಿ ಓಡುವ 8520 ತರಹದ ಕೋರ್‌ಲೆಸ್ (ಸುರುಳಿಯೊಳಗೆ ಕಬ್ಬಿಣದ ತಿರುಳಿಲ್ಲದ) ಮೋಟರುಗಳ ರೂಪದಲ್ಲಿ.

ನಿಮಗೆ ಬೇಕಾದ್ದು ಬ್ರಶ್‌ಲೆಸ್ ಔಟ್‌ರನ್ನರ್. ಇದರಲ್ಲಿ ಸುರುಳಿಗಳು ಒಳಗೆ ನಿಂತಲ್ಲೇ ಇರುತ್ತವೆ, ಆಯಸ್ಕಾಂತ ಅಂಟಿಸಿದ ಹೊರಗಿನ ಬಟ್ಟಲು ತಿರುಗುತ್ತದೆ. ತಿರುಗಿಸುವ ಬಲ ಜೋರು, ಗೇರ್ ಇಲ್ಲದೆಯೇ ದೊಡ್ಡ ಪ್ರೊಪೆಲರ್ ತಿರುಗಿಸಬಲ್ಲದು. ಇನ್‌ರನ್ನರ್ ಎನ್ನುವುದು ಇದರ ತಿರುಗುಮುರುಗು: ಒಳಗಿನ ಅಚ್ಚು ತಿರುಗುತ್ತದೆ, ಸುತ್ತು ವಿಪರೀತ. ಡಕ್ಟೆಡ್ ಫ್ಯಾನಿಗೆ (ಕೊಳವೆಯೊಳಗೆ ತಿರುಗುವ ಪುಟ್ಟ ಫ್ಯಾನಿಗೆ) ಸರಿ, ನಿಮಗಲ್ಲ. 2212 ಎಂದರೆ ಒಳಗಿನ ಸ್ಟೇಟರ್ (ಸುರುಳಿ ಸುತ್ತಿದ, ತಿರುಗದ ಭಾಗ) 22 ಮಿ.ಮೀ. ವ್ಯಾಸ, 12 ಮಿ.ಮೀ. ಎತ್ತರ. ಕೆಲವರು ಹೊರ ಬಟ್ಟಲಿನ ಅಳತೆಯನ್ನೇ ಹೆಸರಾಗಿ ಬರೆಯುತ್ತಾರೆ, ಆದ್ದರಿಂದ ಕೊಳ್ಳುವಾಗ ತೂಕ ನೋಡಿ. ತೂಕ ಸುಳ್ಳು ಹೇಳುವುದಿಲ್ಲ.

ಇನ್ನು ಕೆವಿ. ಅದು ಶಕ್ತಿಯ ಅಳತೆಯೂ ಅಲ್ಲ, ಕಿಲೋವೋಲ್ಟೂ ಅಲ್ಲ. ಪ್ರೊಪೆಲರ್ ಇಲ್ಲದೆ ಬರೀ ಮೋಟರು ಒಂದು ವೋಲ್ಟಿಗೆ ನಿಮಿಷಕ್ಕೆ ಎಷ್ಟು ಸುತ್ತು ಹಾಕುತ್ತದೆ ಎನ್ನುವ ಲೆಕ್ಕ, ಅಷ್ಟೇ. ಗೇರ್ ಇದ್ದಂತೆ ಅಂದುಕೊಳ್ಳಿ: 1000 ಕೆವಿ ಏರಿಗೆ ಹಾಕುವ ಗೇರು, 2200 ಕೆವಿ ಟಾಪ್ ಗೇರು. ತೋಟದ ಜೀಪನ್ನು ಟಾಪ್ ಗೇರಿನಲ್ಲಿ ಏರು ಹತ್ತಿಸಿದರೆ ಏನಾಗುತ್ತದೋ ಇಲ್ಲೂ ಅದೇ.

ನಿಮ್ಮ ಲೆಕ್ಕ ಹೀಗೆ. ಕಲಿಕೆಯ ವಿಮಾನಕ್ಕೆ ಕಿಲೋಗೆ 150ರಿಂದ 200 ವಾಟ್ ಸಾಕು. 750 ಗ್ರಾಮಿಗೆ 110–150 ವಾಟ್ ಆಯಿತು. ಮೂರು ಸೆಲ್ಲಿನ ಲೈಪೊ (ಲಿಥಿಯಂ ಪಾಲಿಮರ್) ಬ್ಯಾಟರಿ ಭಾರ ಬಿದ್ದಾಗ ಸುಮಾರು 11 ವೋಲ್ಟ್ ಕೊಡುತ್ತದೆ, ಅಂದರೆ 10ರಿಂದ 14 ಆಂಪಿಯರ್. 1000 ಕೆವಿ ಮೋಟರಿಗೆ 9×4.5 ಪ್ರೊಪೆಲರ್ ಹಾಕಿದರೆ ಈ ಅಂಕಿಯ ಕೆಳತುದಿಯಲ್ಲಿ ಕೂರುತ್ತದೆ, 650 ಗ್ರಾಮಿನ ಆಸುಪಾಸು ಎಳೆತ ಸಿಗುತ್ತದೆ. ಬಯಲುಸೀಮೆಯ ಮೈದಾನದಲ್ಲಿ ತೂಕದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಎಳೆತ ಇದ್ದರೂ ನಡೆಯುತ್ತದೆ. ನಿಮ್ಮದು ಎರಡು ತೋಟಗಳ ನಡುವಿನ ಗದ್ದೆ. ಸಿಲ್ವರ್ ಓಕ್ ಮರ ಬರುವುದರೊಳಗೆ ಏರಿ ತಿರುಗಬೇಕು. ಹಾಗಾಗಿ ಎಳೆತ ತೂಕದ ಶೇ. 80ಕ್ಕಿಂತ ಕಡಿಮೆ ಆಗಬಾರದು.

ಪ್ರೊಪೆಲರಿನ ಮೊದಲ ಅಂಕಿ ಇಂಚಿನಲ್ಲಿ ವ್ಯಾಸ, ಎರಡನೆಯದು ಪಿಚ್, ಅಂದರೆ ಒಂದು ಸುತ್ತಿಗೆ ಎಷ್ಟು ಇಂಚು ಮುಂದೆ ಹೋಗಬೇಕು ಎನ್ನುವುದು. ಭಾರದಲ್ಲಿ ನಿಮಿಷಕ್ಕೆ 8,000 ಸುತ್ತು ಇದ್ದರೆ 4.5 ಪಿಚ್ಚಿಗೆ ಗಾಳಿಯ ವೇಗ ಗಂಟೆಗೆ ಸುಮಾರು 55 ಕಿ.ಮೀ. ನಿಮ್ಮ ರೆಕ್ಕೆ ಸ್ಟಾಲ್ ಆಗುವುದು, ಅಂದರೆ ವೇಗ ಸಾಲದೆ ವಿಮಾನವನ್ನು ಎತ್ತಿ ಹಿಡಿಯಲಾರದೆ ಹೋಗುವುದು, ಸುಮಾರು 25ರಲ್ಲಿ. ಎರಡಕ್ಕೂ ನಡುವೆ ಇಷ್ಟು ಅಂತರ ಸಾಕು. 2200 ಕೆವಿಗೆ 6×4 ಹಾಕಿದರೆ ಅದೇ ವೇಗ 100 ದಾಟುತ್ತದೆ. ಆದರೆ ಕೈಯಿಂದ ಎಸೆದ ಕ್ಷಣದ ನಿಧಾನ ವೇಗದಲ್ಲಿ, ಅಷ್ಟೇ ಎಳೆತಕ್ಕೆ ಆ ಪುಟ್ಟ ಪ್ರೊಪೆಲರ್ ಹೆಚ್ಚು ಶಕ್ತಿ ತಿನ್ನುತ್ತದೆ.

ಕೊಳ್ಳಬೇಕಾದ್ದು: ಎ2212 1000 ಕೆವಿ, 30 ಆಂಪಿಯರಿನ ಇಎಸ್‌ಸಿ (ಮೋಟರಿನ ವೇಗ ನಿಯಂತ್ರಿಸುವ ಸರ್ಕ್ಯೂಟ್), 3ಎಸ್ ಅಂದರೆ ಮೂರು ಸೆಲ್ಲಿನ 2200 ಎಂಎಎಚ್ 25ಸಿ ಲೈಪೊ (ಸುಮಾರು 180 ಗ್ರಾಂ; ‘ಸಿ’ ಎಷ್ಟು ಜೋರಾಗಿ ಕರೆಂಟ್ ಕೊಡಬಲ್ಲದು ಎನ್ನುವ ಅಂಕಿ), 9×4.5 ಪ್ರೊಪೆಲರ್ ನಾಲ್ಕು. ಹೌದು, ನಾಲ್ಕು. ಮೊದಲ ವಾರದಲ್ಲೇ ಎರಡು ಮುರಿಯುತ್ತವೆ. ಪ್ರೊಪೆಲರ್ ಮೇಲೆ ‘ಇ’ ಅಕ್ಷರ ಇರುವ ಎಲೆಕ್ಟ್ರಿಕ್ ಬಗೆಯನ್ನೇ ಕೇಳಿ. ‘ಎಸ್‌ಎಫ್’ ಅಂದರೆ ಸ್ಲೋ ಫ್ಲೈಯರ್, ಅದರ ಅಲಗು ತೆಳು. ಎಪಿಸಿ ಕಂಪನಿಯ ಎಸ್‌ಎಫ್‌ಗೆ ಮಿತಿ, 65,000 ಅನ್ನು ವ್ಯಾಸದ ಇಂಚಿನಿಂದ ಭಾಗಿಸಿದಷ್ಟು ಸುತ್ತು. 9 ಇಂಚಿಗೆ 7,200 ಬಂತು. ನಿಮ್ಮ ಮೋಟರು ಅದನ್ನು ದಾಟುತ್ತದೆ.

ಪ್ರಶ್ನೆ (ಮಡಿಕೇರಿ): ಸರ್, ನಮ್ಮಲ್ಲಿ ಎತ್ತರ ಜಾಸ್ತಿ, ಗಾಳಿ ತೆಳು. ಇದೇ ಸೆಟ್ ಇಲ್ಲೂ ಸಾಕಾ? 10×4.5 ಹಾಕಿಬಿಡಲಾ?

ಉತ್ತರ: ಮಡಿಕೇರಿಯ 1,150 ಮೀಟರಿನಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟಕ್ಕಿಂತ ಶೇ. 10ರಷ್ಟು ಕಡಿಮೆ. ಅಷ್ಟೇ ಸುತ್ತಿಗೆ ಎಳೆತವೂ ಅಷ್ಟೇ ಇಳಿಯುತ್ತದೆ, ಸ್ಟಾಲ್ ವೇಗ ಶೇ. 5–6 ಏರುತ್ತದೆ. ಪೆಟ್ರೋಲ್ ಎಂಜಿನ್ನಾದರೆ ಉಸಿರಾಡುವ ಗಾಳಿಯೇ ಕಡಿಮೆಯಾಗಿ ಶಕ್ತಿ ಸೋರುತ್ತದೆ. ವಿದ್ಯುತ್ ಮೋಟರಿಗೆ ಆ ತೊಂದರೆ ಇಲ್ಲ. ಪ್ರೊಪೆಲರಿನ ಭಾರ ಹಗುರಾಗಿ ಆಂಪಿಯರೂ ಇಳಿಯುತ್ತದೆ, ಆದ್ದರಿಂದ ಸ್ವಲ್ಪ ದೊಡ್ಡದು ಹಾಕಲು ಜಾಗ ಸಿಗುತ್ತದೆ. ಆದರೆ ‘ಸ್ವಲ್ಪ’ ಮಾತ್ರ ಮಾರಾಯ್ರೆ. ಪಿಚ್ಚೂ ಸುತ್ತೂ ಅಷ್ಟೇ ಇದ್ದರೆ ಪ್ರೊಪೆಲರ್ ಬೇಡುವ ಶಕ್ತಿ ಸುಮಾರಾಗಿ ವ್ಯಾಸದ ನಾಲ್ಕನೇ ಘಾತದಲ್ಲಿ ಏರುತ್ತದೆ: 9ರಿಂದ 10 ಇಂಚಿಗೆ ಹೋದರೆ ಒಂದೂವರೆ ಪಟ್ಟು. ಈ ಮೋಟರಿನ ಪಟ್ಟಿಯಲ್ಲಿ ಸಾಮಾನ್ಯವಾಗಿ 12 ಆಂಪಿಯರ್, 60 ಸೆಕೆಂಡು ಎಂದಿರುತ್ತದೆ. 10×4.5 ಪೂರ್ತಿ ಥ್ರಾಟಲಿನಲ್ಲಿ ಅದನ್ನು ದಾಟುತ್ತದೆ. ಮಡಿಕೇರಿಗೆ 9×6 ಪ್ರಯತ್ನಿಸಿ, ಬ್ಯಾಟರಿಗೂ ಇಎಸ್‌ಸಿಗೂ ನಡುವೆ ವಾಟ್‌ಮೀಟರ್ ಹಾಕಿ ಆಂಪಿಯರ್ ಅಳೆಯಿರಿ. 12 ದಾಟಿದರೆ 9×4.5ಗೇ ವಾಪಸ್, ಬದಲಿಗೆ ವಿಮಾನದ ತೂಕ 50 ಗ್ರಾಂ ಇಳಿಸಿ.

ಎಳೆತ ಅಳೆಯಲು ಬಾಲಕ್ಕೆ ದಾರ ಕಟ್ಟಿ ಲಗೇಜ್ ತೂಗುವ ಡಿಜಿಟಲ್ ಕೊಕ್ಕೆಗೆ ಸಿಕ್ಕಿಸಿ. ಕಾಫಿ ಹಣ್ಣು ತೂಗುವ ತಕ್ಕಡಿ ತರಬೇಡಿ, ಅದರಲ್ಲಿ 600 ಗ್ರಾಂ ಕಾಣುವುದೇ ಇಲ್ಲ.

ಪ್ರಶ್ನೆ (ಸೋಮವಾರಪೇಟೆ): ಅಣ್ಣಾ, ನಾನು ಆಗಲೇ 2200 ಕೆವಿ ತಗೊಂಡಾಯ್ತು. 9 ಇಂಚಿನ ಪ್ರೊಪೆಲರ್ ಹಾಕಿ ಅರ್ಧ ಥ್ರಾಟಲ್ ಕೊಟ್ಟೆ, ಸುಟ್ಟ ವಾಸನೆ ಬಂತು.

ಉತ್ತರ: ಬರಲೇಬೇಕು. ಸುತ್ತು ಎರಡರಷ್ಟಾದರೆ ಬೇಡುವ ಶಕ್ತಿ ಎಂಟರಷ್ಟು. ಮೋಟರು ಅಲ್ಲಿಗೆ ತಲುಪಲಾರದೆ ಆಂಪಿಯರ್ ಎಳೆಯುತ್ತಲೇ ಇರುತ್ತದೆ, ತಂತಿಯ ಎನಾಮಲ್ ಕರಗುತ್ತದೆ. ಬ್ಯಾಟರಿ ಬಿಚ್ಚಿ, ಸುರುಳಿ ಕಪ್ಪಾಗಿದೆಯೇ ನೋಡಿ. ಕಪ್ಪಾಗಿದ್ದರೆ ಇನ್ನೊಮ್ಮೆ ಇಎಸ್‌ಸಿಗೆ ಜೋಡಿಸಬೇಡಿ, ಅದೂ ಹೋಗುತ್ತದೆ. ಬಣ್ಣ ಸರಿಯಿದ್ದರೆ 6×3 ಹಾಕಿ, ಚಿಕ್ಕ ವೇಗದ ವಿಮಾನಕ್ಕೆ ಎತ್ತಿಡಿ. ಕಲಿಯಲು ಬೇರೆ ಮೋಟರ್ ತನ್ನಿ.

ಪ್ರಶ್ನೆ (ಕುಶಾಲನಗರ): ನನ್ನದು 1000 ಕೆವಿಯೇ. ಥ್ರಾಟಲ್ ಕೊಟ್ಟರೆ ಗಡಗಡ ನಡುಗುತ್ತದೆ, ತಿರುಗುವುದಿಲ್ಲ. ಒಂದೊಂದು ಸಲ ಹಿಂದಕ್ಕೆ ತಿರುಗುತ್ತದೆ.

ಉತ್ತರ (ಗುಂಪಿನ ಎಲೆಕ್ಟ್ರಾನಿಕ್ಸ್ ತಂತ್ರಜ್ಞರು): ಮೋಟರಿಗೂ ಇಎಸ್‌ಸಿಗೂ ನಡುವಿನ ಮೂರು ತಂತಿಗಳಲ್ಲಿ ಒಂದು ಸೇರಿಲ್ಲ. ಬುಲೆಟ್ ಕನೆಕ್ಟರ್ (ತಂತಿ ತುದಿಯ ಗುಂಡಗಿನ ಲೋಹದ ಪಿನ್ನು) ಬೆಸುಗೆ ಕೈಯಲ್ಲಿ ಎಳೆದು ನೋಡಿ. ಮೋಟರಿನ ತಂತಿಗೆ ಎನಾಮಲ್ ಇರುತ್ತದೆ, ಕತ್ತರಿಸಿ ಹಾಗೇ ಬೆಸೆದರೆ ಸಂಪರ್ಕ ಸಿಗದು, ಕೆರೆದು ಬೆಸೆಯಬೇಕು. ನಡುಗುವಾಗ ಥ್ರಾಟಲ್ ಒತ್ತುತ್ತಾ ಕೂರಬೇಡಿ, ಇಎಸ್‌ಸಿ ಸಾಯುತ್ತದೆ. ಸರಿಯಾದ ಮೇಲೂ ಉಲ್ಟಾ ತಿರುಗಿದರೆ ಯಾವುದಾದರೂ ಎರಡು ತಂತಿ ಅದಲುಬದಲು ಮಾಡಿ. ಇದನ್ನೆಲ್ಲ ಪ್ರೊಪೆಲರ್ ಬಿಚ್ಚಿಟ್ಟೇ ಮಾಡಿ. ಡ್ರೋನಿಗೆಂದು ಮಾರುವ ಕೆಲವು ಇಎಸ್‌ಸಿಗಳಲ್ಲಿ ವೋಲ್ಟೇಜ್ ಇಳಿದಾಗ ಮೋಟರ್ ನಿಲ್ಲಿಸುವ ವ್ಯವಸ್ಥೆ ಇರುವುದಿಲ್ಲ. ವಿಮಾನಕ್ಕೆಂದೇ ಇರುವುದನ್ನು ತಗೊಳ್ಳಿ, ಇಲ್ಲವಾದರೆ ಲೈಪೊ ಊದಿಕೊಳ್ಳುತ್ತದೆ.

ಪ್ರಶ್ನೆ (ಪೊನ್ನಂಪೇಟೆ): ಸರ್, 1000 ಕೆವಿಯೇ ಆರ್ಡರ್ ಮಾಡಿದೆ. ಕೂರಿಸುವಾಗ ಏನು ನೋಡಿಕೊಳ್ಳಬೇಕು?

ಉತ್ತರ: ಎಲ್ಲಕ್ಕಿಂತ ಮೊದಲು ಸ್ಕ್ರೂ ಉದ್ದ. ತಳದ ಎಂ3 ಸ್ಕ್ರೂ ಉದ್ದವಾದರೆ ಒಳಗೆ ಹೋಗಿ ಸುರುಳಿಯನ್ನೇ ಚುಚ್ಚುತ್ತದೆ. ಹೊಸ ಮೋಟರು ಮೊದಲ ದಿನವೇ ಹೊಗೆಯಾಡುವುದಕ್ಕೆ ಇದು ಸಾಮಾನ್ಯ ಕಾರಣ. ಬಿಗಿದ ಮೇಲೆ ಬಟ್ಟಲಿನ ಸಂದಿಯಿಂದ ಟಾರ್ಚ್ ಹಾಕಿ ತುದಿ ಎಲ್ಲಿದೆ ನೋಡಿ. ಸನ್‌ಬೋರ್ಡಿಗೆ ನೇರ ಬಿಗಿಯದೆ 3 ಮಿ.ಮೀ. ಪ್ಲೈವುಡ್ಡಿನ ತುಂಡಿಗೆ ಬಿಗಿಯಿರಿ, ಮೋಟರನ್ನು 2–3 ಡಿಗ್ರಿ ಕೆಳಕ್ಕೆ, 2 ಡಿಗ್ರಿ ಬಲಕ್ಕೆ ವಾಲಿಸಿ. ಇಲ್ಲವಾದರೆ ಥ್ರಾಟಲ್ ಕೊಟ್ಟಾಗಲೆಲ್ಲ ಮೂತಿ ಮೇಲೆದ್ದು ಎಡಕ್ಕೆ ತಿರುಗುತ್ತದೆ. ಪ್ರೊಪೆಲರಿನ ಅಕ್ಷರಗಳಿರುವ ಮುಖ ಮುಂದಕ್ಕೇ ಇರಬೇಕು. ತೂಕದ ಮಧ್ಯಬಿಂದು ರೆಕ್ಕೆಯ ಮುಂದಂಚಿನಿಂದ 5–6 ಸೆಂ.ಮೀ. ಹಿಂದೆ ಬರಲಿ, ಬ್ಯಾಟರಿ ಸರಿಸಿ ಹೊಂದಿಸಿ.

ಚಕ್ರ ಹಾಕಬೇಡಿ. ಕೂಳೆ ಇರುವ ಗದ್ದೆಯಲ್ಲಿ ಸಿಕ್ಕಿ ಪಲ್ಟಿ ಹೊಡೆಯುತ್ತದೆ. ಹೊಟ್ಟೆಯ ಮೇಲೆ ಇಳಿಸಿ, ಅದಕ್ಕೂ ಮುಂಚೆ ಮೋಟರ್ ನಿಲ್ಲಿಸಿ. ರಬ್ಬರ್ ರಿಂಗಿನ ಪ್ರಾಪ್ ಸೇವರ್ ಹಾಕಿದ್ದರೆ ನೆಲಕ್ಕೆ ತಾಗಿದಾಗ ಪ್ರೊಪೆಲರ್ ಮಡಚಿಕೊಳ್ಳುತ್ತದೆ, 3.17 ಮಿ.ಮೀ. ಶಾಫ್ಟ್ ಬಾಗುವುದು ತಪ್ಪುತ್ತದೆ. ರಿಂಗನ್ನು ಪ್ರತಿ ಸಲ ಬೆರಳಲ್ಲಿ ಎಳೆದು ನೋಡಿ, ಬಿರುಕು ಬಿಟ್ಟಿದ್ದರೆ ಬದಲಿಸಿ. ಇಳಿದ ಮೇಲೆ ಬಟ್ಟಲಿನೊಳಗೆ ಮಣ್ಣಿನ ಕಬ್ಬಿಣದ ಕಣ ಅಂಟಿರುತ್ತದೆ, ಸೆಲೋಟೇಪಿನಲ್ಲಿ ಒತ್ತಿ ತೆಗೆಯಿರಿ.

ಟ್ರಾನ್ಸ್‌ಮಿಟರಿನ ಟೈಮರ್ 10 ನಿಮಿಷಕ್ಕಿಡಿ. ಬೆಳಿಗ್ಗೆ ಮಂಜು ಕರಗಿದ ಮೇಲೆ, ಗಾಳಿ ಏಳುವ ಮೊದಲು ಹಾರಿಸಿ. ವಿಮಾನ ತೋಟದೊಳಗೆ ಬಿದ್ದರೆ ತಕ್ಷಣ ಥ್ರಾಟಲ್ ಸೊನ್ನೆ ಮಾಡಿ, ಗಿಡಕ್ಕೆ ಸಿಕ್ಕ ಪ್ರೊಪೆಲರ್ ತಿರುಗಲಾರದೆ ಮೋಟರ್ ಸುಡುತ್ತದೆ. ಆನೆ ಓಡಾಡುವ ಕಡೆಯಾದರೆ ಸಂಜೆ ಬಿದ್ದದ್ದನ್ನು ಸಂಜೆಯೇ ಹುಡುಕಲು ಮಗನನ್ನು ಕಳಿಸಬೇಡಿ. ಬೆಳಿಗ್ಗೆ ತನಕ ಅಲ್ಲೇ ಇರುತ್ತದೆ. ಲೈಪೊ ಮಾತ್ರ ಖಾಲಿಯಾಗಿ ಹಾಳಾಗಿರಬಹುದು: ಯಾವುದೇ ಸೆಲ್ 3 ವೋಲ್ಟಿಗಿಂತ ಕೆಳಗಿದ್ದರೆ ಮತ್ತೆ ಚಾರ್ಜ್ ಮಾಡಬೇಡಿ.