ಪದಚರ್ಚೆ: ಆಕ್ಷನ್ ಟ್ರೇಲರಿನ ‘ಕನ್ವೆನ್ಷನ್’ಗೆ ಕನ್ನಡದಲ್ಲಿ ಏನನ್ನೋಣ?

ಕಲಬುರಗಿಯಿಂದ:
ನಮಸ್ಕಾರ. ಒಂದು ಪದ ಬೇಕಿತ್ತು, ಅವಸರ ಇದೆ. ನಾನು ಪಾಠ ಮಾಡುವ ಕಾಲೇಜಿನ ಹುಡುಗರು ಆಕ್ಷನ್ ಸಿನಿಮಾದ ಟ್ರೇಲರ್ ಮಾಡಿದ್ದಾರೆ. ಸಿನಿಮಾ ಇಲ್ಲ, ಟ್ರೇಲರ್ ಮಾತ್ರ. ನಾಳೆ ಪ್ರದರ್ಶನ. ಜಾನರ್ ಕನ್ವೆನ್ಷನ್‌ಗಳನ್ನು (ಆ ಬಗೆಯ ಸಿನಿಮಾದಲ್ಲಿ ಇರಲೇಬೇಕು ಅಂತ ಎಲ್ಲರೂ ನಿರೀಕ್ಷಿಸುವ ರೂಢಿಗಳನ್ನು) ಎಲ್ಲಿ ಬಳಸಿದರು, ಎಲ್ಲಿ ಚಾಲೆಂಜ್ ಮಾಡಿದರು ಅಂತ ಬ್ಯಾನರಿನಲ್ಲಿ ಕನ್ನಡದಲ್ಲೇ ಬರೀಬೇಕು. ಸೂಪರ್ ಮಾರ್ಕೆಟಿನ ಫ್ಲೆಕ್ಸ್ ಅಂಗಡಿಯವರು ಸಂಜೆಯೊಳಗೆ ಮ್ಯಾಟರ್ ಕೇಳಿದ್ದಾರೆ.

ಬಳಸಿದ್ದು ಎಲ್ಲರಿಗೂ ಗೊತ್ತಿರೋದೇ. ಕ್ಯಾಮೆರಾ ನೆಲಕ್ಕಿಟ್ಟು ಬೂಟು ತೋರಿಸೋದು, ಸ್ಲೋ ಮೋಷನ್ ನಡಿಗೆ, ಬರುಬರುತ್ತಾ ಚುರುಕಾಗುವ ಕಟ್‌ಗಳು, ಕೊನೆಗೆ ಹೆಸರು. ಬಿಟ್ಟಿದ್ದು ಹೊಡೆತವನ್ನೇ! ಹುಡುಗಿ ಕೈ ಎತ್ತುತ್ತಾಳೆ, ಪರದೆ ಕಪ್ಪಾಗುತ್ತೆ, ಲಟಕ್ ಅಂತ ಸದ್ದು ಮಾತ್ರ. ಒಣಗಿದ ತೊಗರಿ ಕಟ್ಟಿಗೆಯನ್ನು ಮೈಕಿನ ಹತ್ತಿರ ಹಿಡಿದು ಮುರಿದಿದ್ದಾರೆ. ಬೆಳಕು ಬಂದಾಗ ಕಾಣೋದು ಪೆಟ್ಟು ತಿಂದವನ ಮುಖ ಅಲ್ಲ, ಹೊಡೆದವಳ ನಡುಗುವ ಕೈ.

ನನಗೆ ಹೊಳೆದದ್ದು ‘ಪ್ರಕಾರವಾಡಿಕೆ’. ನಡೆಯುತ್ತಾ?

ಯಾದಗಿರಿಯಿಂದ:
ನಡೆಯಲ್ಲ. ‘ಪ್ರಕಾರ’ ಸಂಸ್ಕೃತ, ‘ವಾಡಿಕೆ’ ಕನ್ನಡ. ಎರಡನ್ನೂ ಹೊಲಿದರೆ ಅರಿಸಮಾಸ, ವ್ಯಾಕರಣ ಒಪ್ಪದ ಜೋಡಣೆ. ‘ಟ್ರೇಲರ್’ ಬದಲು ‘ಮುನ್ನೋಟ’ ಹಾಕಿ. ಚಾಲೆಂಜಿಗೆ ‘ಸವಾಲು’ ಬೇಡ, ಅದು ಅರಬ್ಬಿ.

ಸೇಡಂನಿಂದ:
ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡ ಪಕ್ಕದಲ್ಲಿಟ್ಟುಕೊಂಡು ಪದ ಹುಡುಕ್ತೀರಲ್ಲ ಸರ್! ಅವರ ಆಸ್ಥಾನದಲ್ಲಿ 9ನೇ ಶತಮಾನದಲ್ಲೇ ಕಾವ್ಯದ ರೀತಿ ಹೇಳುವ ಕವಿರಾಜಮಾರ್ಗ ಬಂತು. ‘ಮಾರ್ಗ’ ಅಂದರೆ ಬಲ್ಲವರು ಒಪ್ಪಿದ ರೀತಿ. ಕನ್ವೆನ್ಷನ್ ಅಂದರೂ ಅದೇ. ಅದನ್ನು ಮುರಿದರೆ ‘ದೇಸಿ’, ಅಂದರೆ ಈ ನೆಲದ ಆಡುರೀತಿ, ಅನ್ನಿ. ಸಾವಿರ ವರ್ಷದ ಜೋಡಿ ಪದ ಸಿಕ್ಕ ಹಾಗಾಯಿತು.

ಬೀದರಿನಿಂದ:
ದೇಸಿ ಮಾರ್ಗವನ್ನು ಮುರಿಯೋದಲ್ಲ. ಪಂಪ ಎರಡೂ ಜೊತೆಗೆ ಬೇಕು ಅಂದವನು. ಬ್ಯಾನರಿನಲ್ಲಿ ‘ಮಾರ್ಗ’ ಅಂತ ಇದ್ದರೆ ಬಂದ ತಂದೆತಾಯಿ ದಾರಿ ಅಂತಲೇ ಓದ್ತಾರೆ.

ಇನ್ನು ಅರಿಸಮಾಸ. ಹಳೆಗನ್ನಡ ವ್ಯಾಕರಣ ಬರೆದ ಕೇಶಿರಾಜನೇ ಬಿರುದಾವಳಿಗೆ, ಹಿಂದಿನ ಕವಿಗಳ ಬಳಕೆಗೆ ವಿನಾಯಿತಿ ಕೊಟ್ಟಿದ್ದಾನೆ. ‘ದಿನಗೂಲಿ’ ಅಂದಾಗ ಯಾರೂ ತಡೆಯಲ್ಲ. ‘ವಾಡಿಕೆ’ ಬೇಡ ಅನ್ನೋದಕ್ಕೆ ನನ್ನ ಕಾರಣ ಬೇರೆ. ‘ವಾಡಿಕೆಗಿಂತ ಜಾಸ್ತಿ ಮಳೆ’ ಅಂತ ಪೇಪರಿನಲ್ಲಿ ಬರುತ್ತಲ್ಲ, ಅದು ತಾನಾಗಿ ನಡೆದುಕೊಂಡು ಬಂದದ್ದು. ಮಳೆ ಯಾರಿಗೂ ಮಾತು ಕೊಟ್ಟಿಲ್ಲ. ಟ್ರೇಲರಿನಲ್ಲಿ ಮಾತು ಕೊಟ್ಟಿರ್ತಾರೆ. ಬೂಟು ಕಂಡ ಕೂಡಲೇ ಹೀರೋ ಬಂದ ಅಂತ ನೋಡುವವನಿಗೆ ಗೊತ್ತು. ಅವನಿಗೆ ಗೊತ್ತಿದೆ ಅಂತ ಮಾಡಿದವನಿಗೂ ಗೊತ್ತು. ಈ ಒಪ್ಪಂದ ಇರೋದಕ್ಕೇ ಪರದೆ ಕಪ್ಪಾದಾಗ ಎದೆ ಝಲ್ ಅನ್ನೋದು. ಆ ಬೂಟು, ಆ ನಡಿಗೆ ಇಡದೇ ಹೋಗಿದ್ದರೆ ಹುಡುಗರಿಗೆ ಮುರಿಯೋದಕ್ಕೇ ಏನೂ ಇರ್ತಿರಲಿಲ್ಲ.

ಹಾಗಾಗಿ ಪಾಲಿಸಿದರು, ಮುರಿದರು ಎರಡಕ್ಕೂ ಒಗ್ಗುವ ಪದ ಬೇಕು. ನಮ್ಮ ಕಡೆ ‘ರಿವಾಜು’ ಇದೆ. ಮದುವೆ ಮನೆಗಳಲ್ಲಿ ಕೇಳಿಯೇ ಇರ್ತೀರಿ. ರಿವಾಜು ಪಾಲಿಸ್ತಾರೆ, ರಿವಾಜು ಮುರೀತಾರೆ. ‘ಸವಾಲು’ ಅರಬ್ಬಿ ನಿಜ, ಅಲ್ಲಿ ಅದರ ಅರ್ಥ ಪ್ರಶ್ನೆ. ಅದೇನು ಕೆಟ್ಟ ಪದವೇ? ‘ಮುನ್ನೋಟ’ ಮಾತ್ರ ಯಾಕೋ ಸರಿ ಕೂರಲ್ಲ. ಮೊದಮೊದಲು ಟ್ರೇಲರ್ ತೋರಿಸ್ತಿದ್ದದ್ದು ಸಿನಿಮಾ ಮುಗಿದ ಮೇಲೆ, ಅದಕ್ಕೇ ಇಂಗ್ಲಿಷಿನಲ್ಲಿ ಹಿಂದೆ ಬರುವಂಥದ್ದು ಅಂತ ಹೆಸರು.

ಯಾದಗಿರಿಯಿಂದ:
ಈಗ ಮೊದಲೇ ತೋರಿಸ್ತಾರೆ. ಇಂಗ್ಲಿಷಿನ ಹಳೇ ಅರ್ಥ ನಮಗ್ಯಾಕೆ? ರಿವಾಜೂ ಅರಬ್ಬಿ ಮೂಲದ್ದೇ. ‘ಕಟ್ಟುಪಾಡು’ ಅನ್ನಿ.

ಬೀದರಿನಿಂದ:
ಕಟ್ಟುಪಾಡು ಮುರಿದರೆ ದಂಡ. ಇಲ್ಲಿ ದಂಡ ಹಾಕೋರು ಯಾರು? 1948ರ ತನಕ ನಿಜಾಮನ ಆಳ್ವಿಕೆಯಲ್ಲಿದ್ದ ಸೀಮೆ ನಮ್ಮದು. ಜಿಲ್ಲೆ, ತಾಲೂಕು, ವಕೀಲ ಕೂಡ ಅರಬ್ಬಿ ಮೂಲದವೇ, ಎಲ್ಲ ಕಿತ್ತು ಹಾಕೋಣವೇ?

ಯಾದಗಿರಿಯಿಂದ:
ಸರ್ಕಾರಿ ದಫ್ತರದಿಂದ ಇಳಿದು ಬಂದ ಪದ ಬೇರೆ, ನಾವೇ ಆರಿಸಿ ಬೋರ್ಡಿಗೆ ಹಾಕುವ ಪದ ಬೇರೆ. ಎರಡನೆಯದಕ್ಕೆ ನಾವು ಹೊಣೆ.

ಬೀದರಿನಿಂದ:
ರಿವಾಜು ದಫ್ತರದಿಂದ ಬಂದದ್ದಲ್ಲ. ನಮ್ಮಜ್ಜಿ ಓದು ಬರಹ ಕಲಿತವಳಲ್ಲ, ಅವಳ ಬಾಯಲ್ಲಿ ಇತ್ತು. ಅಜ್ಜಿಯ ಮಾತು ಕನ್ನಡ ಅಲ್ಲ ಅಂದರೆ ನಾನು ಕೇಳಲ್ಲ.

ಕಲಬುರಗಿಯಿಂದ:
ಎಲ್ಲರಿಗೂ ಧನ್ಯವಾದ. ಹುಡುಗರಿಗೆ ತೋರಿಸಿದೆ. ವಾಡಿಕೆಗೂ ರಿವಾಜಿಗೂ ಇರುವ ಫರಕು ಅವರಿಗೆ ಥಟ್ಟನೆ ಹಿಡಿಸಿತು. ಜಾನರಿಗೆ ಬೇರೆ ಪದವೇ ಬೇಕಾಗಲಿಲ್ಲ. ಅಂಗಡಿಗೆ ಕಳಿಸಿದ್ದು: ‘ಆಕ್ಷನ್ ಟ್ರೇಲರಿನ ರಿವಾಜು: ಎಲ್ಲಿ ಪಾಲಿಸಿದೆವು, ಎಲ್ಲಿ ಮುರಿದೆವು’.

ಯಾದಗಿರಿಯಿಂದ:
‘ಆಕ್ಷನ್’ ಹಾಗೇ ಬಿಟ್ಟಿದ್ದೀರಿ. ಕನ್ನಡ ಸಿನಿಮಾ ಪೋಸ್ಟರಿನಲ್ಲೇ ಸ್ಟಂಟ್ ಮಾಸ್ಟರ್ ಹೆಸರಿನ ಜೊತೆ ‘ಸಾಹಸ’ ಅಂತ ಇರುತ್ತೆ. ಸಿನಿಮಾದವರೇ ಒಪ್ಪಿದ ಪದ ಕಾಲೇಜಿನವರಿಗೆ ಬೇಡವಾಯಿತೇ?

ಸೇಡಂನಿಂದ:
ಸಾಹಸ ಸಂಸ್ಕೃತ ಅಲ್ವಾ ಸರ್? ಮೊದಲು ನೀವೇ ತಕರಾರು ತೆಗೆದಿರಿ.

ಯಾದಗಿರಿಯಿಂದ:
ಸಂಸ್ಕೃತ ಬೇಡ ಅಂದಿಲ್ಲ. ಸಂಸ್ಕೃತಕ್ಕೆ ಕನ್ನಡ ಹೊಲಿಯಬೇಡಿ ಅಂದೆ. ಸರಿಯಾಗಿ ಓದಿ.